ಒಂಟಿ ವೈಪರ್

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಸಿಗ್ನಲ್‌ನಲ್ಲಿ ಪಕ್ಕಕ್ಕೆ ಹಳೇ ಮರ್ಸಿಡಿಸ್ ಒಂದು ಬಂದು ನಿಂತಿತು. ಡಬ್ಲ್ಯೂ 124, ಅಂದರೆ 1984ರ ಕೊನೆಗೆ ಬಂದ ಮಾಡೆಲ್. ನನ್ನ ಕಣ್ಣೆಲ್ಲ ಅದರ ವೈಪರ್ ಮೇಲೆ. ಇರುವುದು ಒಂದೇ! ಆದರೆ ಸುಮ್ನೆ ಅರ್ಧಚಂದ್ರ ಬಳಿದು ಬಿಡುವುದಿಲ್ಲ. ಮೇಲಿನ ಮೂಲೆ ಹತ್ತಿರ ಬಂದಾಗ ಕೈ ಚಾಚುತ್ತದೆ, ನಡುವೆ ಬಂದಾಗ ಒಳಗೆ ಎಳೆದುಕೊಳ್ಳುತ್ತದೆ. ಗಾಜಿನ 86% ಜಾಗ ಒರೆಸುತ್ತದಂತೆ. ನಮ್ಮಜ್ಜಿ ಮೂಲೆ ಬಿಡದೆ ನೆಲ ಒರೆಸುತ್ತಿದ್ದ ಹಾಗೆ.

ನೋಡಲು ಡಬ್ಬಿಯಂಥ ಕಾರು, ಅಲ್ವಾ? ಆದರೂ ಗಾಳಿಯ ತಡೆಯ ಅಂಕ (ಕಡಿಮೆ ಇದ್ದಷ್ಟೂ ಗಾಳಿ ಸೀಳುವುದು ಸಲೀಸು) ಸುಮಾರು 0.30 ಅಷ್ಟೇ. ಹಿಂದಿನ ಒಂದೊಂದು ಚಕ್ರವನ್ನೂ ಐದೈದು ತೋಳುಗಳು ಹಿಡಿದಿರುತ್ತವೆ. ಗುಂಡಿಗೆ ಬಿದ್ದರೂ ಚಕ್ರ ನೆಟ್ಟಗೆ ನಿಲ್ಲಲಿ ಅಂತ. ಇಲ್ಲಿ ಇದರ ಡೀಸೆಲ್ ಗಾಡಿ ಟ್ಯಾಕ್ಸಿಯಾಗಿ ಎಷ್ಟೋ ವರ್ಷ ದುಡಿದಿದೆ. 1995ರಲ್ಲಿ ನಮ್ಮ ಪುಣೆಯಲ್ಲೂ ಇದನ್ನೇ ಜೋಡಿಸಲು ಶುರು ಮಾಡಿದ್ದರು. ಅಲ್ಲಿ ಮಾತ್ರ ಸಾಹುಕಾರರ ಗಾಡಿ!

ಅಷ್ಟರಲ್ಲಿ ಹಸಿರು ಬಿದ್ದಿತ್ತು. ಹಿಂದಿನವರು ಹಾರ್ನ್ ಹೊಡೆದ ಮೇಲೇ ನನಗೆ ಗೊತ್ತಾಗಿದ್ದು.