ಬಂಡೆ ಮೇಲೆ ಮೂರು ಜೀಪು: ನಾಗಮಂಗಲ ಕಡೆಯ ಒಂದು ದಿನ

ಮಂಡ್ಯ ಅಂದ ತಕ್ಷಣ ಎಲ್ಲರಿಗೂ ಕಬ್ಬು, ಭತ್ತ, ತುಂಬಿ ಹರಿಯೋ ನಾಲೆ ನೆನಪಾಗುತ್ತದೆ. ಅದು ಕನ್ನಂಬಾಡಿ ನೀರು ಕಂಡ ಮಂಡ್ಯ. ಪಾಂಡವಪುರ ದಾಟಿ, ಜಕ್ಕನಹಳ್ಳಿ ಕಡೆ ಏರುತ್ತಾ ಹೋದರೆ ಇನ್ನೊಂದು ಮಂಡ್ಯ ಸಿಗುತ್ತದೆ. ಅಲ್ಲಿ ಮಳೆ ನಂಬಿದ ರಾಗಿ ಹೊಲ, ಹುರುಳಿ ಹೊಲ, ಜಾಲಿ ಮುಳ್ಳು. ನಡುನಡುವೆ ಬೋಳು ಬಂಡೆಗಳ ದಿಬ್ಬ. ಬೇಸಿಗೆಯಲ್ಲಂತೂ ಹಸಿರು ಹುಡುಕಬೇಕು. ಮೈಸೂರಿನಿಂದ ನಾವು ಗೆಳೆಯರು ಮೂರು ಫೋರ್ ಬೈ ಫೋರ್ ಗಾಡಿ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗೋ ಗಾಡಿ) ಹತ್ತಿ, ಬಂಡೆ ಮೇಲೆ ಓಡಿಸೋಕೆ ಅಂತ ಹೊರಟಿದ್ದು ಈ ಮಂಡ್ಯಕ್ಕೆ.

ನಮ್ಮ ಗುಂಪಿನಲ್ಲಿ ಕೆಲವರಿಗೆ ಅಮೆರಿಕದ ಮೋವ್ಯಾಬ್ ಹುಚ್ಚು. ಯೂಟಾ ರಾಜ್ಯದ ಮರುಭೂಮಿಯಲ್ಲಿರೋ ಆ ಊರಿನಲ್ಲಿ 1967ರಿಂದ ಈಸ್ಟರ್ ಸಮಯಕ್ಕೆ ಜೀಪುಗಳ ಜಾತ್ರೆಯೇ ನಡೆಯುತ್ತದೆ. ಅಲ್ಲಿನ ಕೆಂಪು ಮರಳುಗಲ್ಲು ಒಣಗಿದ್ದರೆ ಟೈರನ್ನು ಗಟ್ಟಿಯಾಗಿ ಹಿಡಿಯುತ್ತದಂತೆ. ನಮ್ಮ ಕಡೆಯ ಕಲ್ಲಿನ ಜಾತಿ ಬೇರೆ. ಇದು ನೈಸ್ (gneiss) ಅನ್ನೋ ಶಿಲೆ, ಸುಮಾರು 300 ಕೋಟಿ ವರ್ಷ ಹಳೆಯದು. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ಇದೇ. ಬಿಸಿಲು, ಚಳಿಗೆ ಸಿಕ್ಕಿ ಇದರ ಮೇಲಿನ ಪದರ ಈರುಳ್ಳಿ ಸಿಪ್ಪೆ ಹಾಗೆ ಬಿಟ್ಟುಕೊಳ್ಳುತ್ತದೆ. ಆ ಪದರ ಪುಡಿಯಾಗಿ ಗರಸು ಆಗುತ್ತದೆ. ಗಟ್ಟಿ ಬಂಡೆಗಿಂತ ಅದರ ಮೇಲೆ ಹರಡಿರೋ ಈ ಗರಸಿಗೇ ಜಾಸ್ತಿ ಹೆದರಬೇಕು. ಟೈರು ಅದರ ಮೇಲೆ ಹತ್ತಿತೋ, ಜಾರಿತು ಅಂತಲೇ ಲೆಕ್ಕ.

ಜಾಗದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಮೇಲುಕೋಟೆ ಸುತ್ತಲಿನ ಕಾಡು ವನ್ಯಧಾಮ. ತೋಳಗಳಿಗಾಗಿಯೇ 1974ರಲ್ಲಿ ಘೋಷಿಸಿದ್ದು. ಅದರೊಳಗೆ ದಾರಿ ಬಿಟ್ಟು ಗಾಡಿ ಇಳಿಸೋ ಮಾತೇ ಇಲ್ಲ. ಇಳಿಸಲೂಬಾರದು. ನಾವು ಹೋಗಿದ್ದು ಅದರಿಂದ ಆಚೆ, ಗೆಳೆಯನೊಬ್ಬನ ಸೋದರಮಾವನ ಜಮೀನಿಗೆ. ಹೊಲದ ಹಿಂದೆ ಉಳುಮೆಗೆ ಬಾರದ ಕಲ್ಲುದಿಬ್ಬ ಇದೆ. ಅದರ ಬೆನ್ನ ಮೇಲೆ ಹಿಂದೆ ಎತ್ತಿನ ಗಾಡಿಯಲ್ಲಿ ಚಪ್ಪಡಿ ಕಲ್ಲು ಸಾಗಿಸುತ್ತಿದ್ದ ಜಾಡು ಇನ್ನೂ ಕಾಣುತ್ತದೆ.

ಮಾವ ಜಗಲಿ ಮೇಲೆ ಕೂತಿದ್ದರು. ಗಾಡಿಗಳನ್ನು ಒಂದು ಸುತ್ತು ನೋಡಿ, "ಏನ್ರಪ್ಪಾ, ಇಷ್ಟು ದುಡ್ ಕೊಟ್ಟು ಗಾಡಿ ತಕ್ಕಂಡು ಕಲ್ ಮ್ಯಾಲೆ ಓಡುಸ್ತೀರಾ?" ಅಂದರು. ಆಮೇಲೆ ದಿಬ್ಬದವರೆಗೂ ತಾವೇ ಮುಂದೆ ನಡೆದು ದಾರಿ ತೋರಿಸಿದರು. ಹಾಕಿದ್ದು ಒಂದೇ ಷರತ್ತು: "ಬದದ ಮ್ಯಾಲೆ ಮಾತ್ರ ಹತ್ತುಸ್ಬ್ಯಾಡಿ. ಬದ ಒಡದ್ರೆ ಮಳೆ ನೀರು ನಿಲ್ಲಕ್ಕಿಲ್ಲ." ಬೀಳೋ ಮಳೆಯನ್ನೇ ನೆಚ್ಚಿಕೊಂಡ ಊರಿನಲ್ಲಿ ಆ ಮಾತಿನ ತೂಕ ದೊಡ್ಡದು. ಹೊಲದ ಅಂಚಿನಲ್ಲಿ ಒಂದು ಗಾಡಿ ಹೋದ ಅಚ್ಚಿನ ಮೇಲೆಯೇ ಉಳಿದೆರಡೂ ಹೋದವು.

ದಿಬ್ಬದ ಬುಡದಲ್ಲಿ ಟೈರುಗಳ ಗಾಳಿ ಇಳಿಸಿದೆವು. ರಸ್ತೆ ಮೇಲೆ 30 ಪಿಎಸ್‌ಐ ಆಸುಪಾಸು ಇರೋ ಗಾಳಿಯ ಒತ್ತಡವನ್ನು 20ಕ್ಕೆ ತಂದೆವು. ಗಾಳಿ ಕಡಿಮೆಯಾದರೆ ಟೈರು ನೆಲಕ್ಕೆ ಅಗಲವಾಗಿ ಕೂರುತ್ತದೆ, ಕಲ್ಲಿನ ಮೊನೆ ಸುತ್ತ ಬಗ್ಗಿ ಹಿಡಿಯುತ್ತದೆ. ಆದರೆ ಟೈರಿನ ಪಕ್ಕದ ಗೋಡೆ ಉಬ್ಬುತ್ತದೆ. ಚೂಪಾದ ಕಲ್ಲು ಅಲ್ಲಿ ಕೊಯ್ದರೆ ಪಂಕ್ಚರ್ ಅಂಗಡಿಯವನೂ ಕೈಯೆತ್ತುತ್ತಾನೆ. ಎಂಜಿನ್ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚೋ ಟ್ರಾನ್ಸ್‌ಫರ್ ಕೇಸನ್ನು ಫೋರ್ ಲೋಗೆ, ಅಂದರೆ ವೇಗ ಕಡಿಮೆ, ಎಳೆತ ಜಾಸ್ತಿ ಇರೋ ಗೇರಿಗೆ ಹಾಕಿ, ಫಸ್ಟ್ ಗೇರಿನಲ್ಲಿ ಹೊರಟೆವು. ಈ ಗೇರಿನಲ್ಲಿ ಗಾಡಿ ನಡೆಯೋ ಮನುಷ್ಯನಿಗಿಂತ ನಿಧಾನ. ಬಂಡೆಗೆ ಬೇಕಾದ್ದೂ ಅದೇ. ಜೋರು ಆಕ್ಸಿಲರೇಟರ್ ಕೊಟ್ಟು ಎಗರಿಸೋ ವಿಡಿಯೋಗಳು ಎಷ್ಟೋ ಇವೆ. ನನಗೆ ಅವು ಇಷ್ಟವಾಗುವುದಿಲ್ಲ. ಅದರಲ್ಲಿ ಆಕ್ಸಲ್ ಮುರಿಯುತ್ತದೆ, ಕಲ್ಲಿನ ಮೈಯೂ ಕಿತ್ತುಹೋಗುತ್ತದೆ.

ಮೊದಲು ಹತ್ತಿದ್ದು ಹಳೆಯ ಜಿಪ್ಸಿ. 1985ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಗಾಡಿ ಅದು. ನಾಲ್ಕೂ ಕಡೆ ಪಟ್ಟಿ ಸ್ಪ್ರಿಂಗು. ಕೂತವರ ಸೊಂಟ ಕುಲುಕುತ್ತದೆ, ಆದರೆ ಹಗುರವಾಗಿ ಮೇಕೆ ಥರ ಹತ್ತಿತು. ಅದರ ಹಿಂದೆ ಥಾರ್. ನಾನು ಅದರ ಸ್ಟೇರಿಂಗ್ ಹಿಡಿದಿದ್ದೆ. ಏರಿನಲ್ಲಿ ಬಾನೆಟ್ ಬಿಟ್ಟರೆ ಆಕಾಶ ಅಷ್ಟೇ ಕಾಣುತ್ತದೆ. ಕಲ್ಲು ಎಲ್ಲಿದೆ, ಟೈರು ಎಲ್ಲಿದೆ, ಒಂದೂ ಗೊತ್ತಾಗುವುದಿಲ್ಲ. ಆಗ ಮುಂದೆ ನಿಂತು ದಾರಿ ಹೇಳುವವನೇ ಕಣ್ಣು. "ಎಡಕ್ಕೆ ಸ್ವಲ್ಪ, ಸಾಕು, ನೇರ ಮಾಡು, ಹಂಗೇ ಬಾ ಮಗಾ, ಬಾ, ಬಾ..." ನಮ್ಮಲ್ಲಿ ಒಂದು ನಿಯಮವಿದೆ. ಹೇಳುವವನು ಒಬ್ಬನೇ. ಉಳಿದವರು ಎಷ್ಟೇ ತಿಳಿದವರಾದರೂ ಬಾಯಿ ಮುಚ್ಚಿಕೊಂಡಿರಬೇಕು. ಮೂರು ಜನ ಮೂರು ದಿಕ್ಕು ತೋರಿಸಿದರೆ ಗಾಡಿ ಹಳ್ಳಕ್ಕೇ ಅಲ್ವಾ?

ಮೂರನೇ ಗಾಡಿ ಸ್ವಲ್ಪ ಉದ್ದ. ದಿಬ್ಬದ ನೆತ್ತಿಯಲ್ಲಿ ಒಂದು ಗೂನು ಬಂಡೆ ಇದೆ. ಜಿಪ್ಸಿಯ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 2375 ಮಿಲಿಮೀಟರ್, ಥಾರ್‌ಗೆ 2450. ಎರಡೂ ಸಲೀಸಾಗಿ ದಾಟಿದವು. ಮೂರನೆಯದರ ಮುಂದಿನ ಚಕ್ರ ಇಳಿದವು, ಹಿಂದಿನವು ಇನ್ನೂ ಹತ್ತಿರಲಿಲ್ಲ. ಹೊಟ್ಟೆ ಗರ್ ಅಂತ ಕಲ್ಲಿಗೆ ಕೂತಿತು. ಒಂದು ಹಿಂದಿನ ಚಕ್ರ ಗಾಳಿಯಲ್ಲಿ ಸುಮ್ನೆ ತಿರುಗತೊಡಗಿತು.

ಹಗ್ಗ ಕಟ್ಟಿ ಎಳೆದುಬಿಡೋಣ ಅಂತ ಒಬ್ಬ ಅಂದ. ಹೊಟ್ಟೆ ಕೂತ ಗಾಡಿಯನ್ನು ಹಾಗೆ ಎಳೆದರೆ ಅಡಿಯಲ್ಲಿ ಏನೇನು ಕಿತ್ತುಬರುತ್ತದೋ! ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಮುಂದಿನ ಚಕ್ರಗಳಿಗೆ ಕಲ್ಲು ಅಡ್ಡ ಕೊಟ್ಟೆವು. ಒಬ್ಬ ಬಂಡೆ ಮೇಲೆ ಬೋರಲು ಮಲಗಿ ಟಾರ್ಚ್ ಬಿಟ್ಟು ನೋಡಿದ. ಆಯಿಲ್ ಸೋರುತ್ತಿರಲಿಲ್ಲ. ಅಡಿಯ ಉಕ್ಕಿನ ತಟ್ಟೆಗೆ ಮಾತ್ರ ಉದ್ದಕ್ಕೂ ಗೀರು. ಜ್ಯಾಕಿನ ಕೆಳಗೆ ಹಲಗೆ ಇಟ್ಟು ಹಿಂಭಾಗ ಎತ್ತಿದೆವು. ದಪ್ಪ ಚಪ್ಪಡಿಗಳನ್ನು ಆಯ್ದು ಚಕ್ರದ ಕೆಳಗೆ ಒಂದರ ಮೇಲೊಂದು ಜೋಡಿಸಿದೆವು. ಕೆಲಸ ನೋಡುತ್ತಿದ್ದ ಕುರಿ ಕಾಯೋ ಅಜ್ಜ ತಾವಾಗಿಯೇ ಬಂದು, "ಆ ಕಲ್ಲು ಬ್ಯಾಡ ಕಣಪ್ಪಾ, ಪದರ ಬುಟ್ಟದೆ, ಭಾರಕ್ಕೆ ಒಡೀತದೆ" ಅಂತ ನಾವಿಟ್ಟ ಒಂದನ್ನು ತೆಗೆಸಿ ಬೇರೆಯದು ತೋರಿಸಿದರು. ಅವರು ತೆಗೆಸಿದ ಕಲ್ಲನ್ನು ನೆಲಕ್ಕೆ ಹಾಕಿದಾಗ ಎರಡು ಹೋಳಾಯಿತು. ಜ್ಯಾಕ್ ಇಳಿಸಿದೆವು, ಚಕ್ರ ಕಲ್ಲಿಗೆ ಕೂತಿತು. ಕ್ಲಚ್ ಬಿಟ್ಟ ಕೂಡಲೇ ಗಾಡಿ ತಾನಾಗಿ ತೆವಳಿಕೊಂಡು ದಾಟಿತು. ನಾವೆಲ್ಲ ಕೂಗಿದ ಕೂಗಿಗೆ ಕುರಿಗಳು ಚದುರಿ ಓಡಿದವು. ಅವನ್ನು ಒಟ್ಟುಗೂಡಿಸೋ ಕೆಲಸವೂ ನಮ್ಮದೇ ಆಯಿತು. ಜೋಡಿಸಿದ ಕಲ್ಲುಗಳನ್ನು ಮೊದಲಿದ್ದ ಜಾಗಕ್ಕೇ ಹಾಕಿದೆವು.

ಇಳಿಜಾರಿನಲ್ಲಿ ತೊಂದರೆಯೇನೂ ಆಗಲಿಲ್ಲ. ಲೋ ಗೇರಿನ ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ, ಬ್ರೇಕಿನ ಮೇಲೆ ಕಾಲು ಒತ್ತದಿದ್ದರೆ ಆಯಿತು.

ಮಾವನ ಮನೆಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು. ಹೊರಗೆ ಕಂಪ್ರೆಸರ್ ಒಂದೊಂದೇ ಟೈರಿಗೆ ಗಾಳಿ ತುಂಬುತ್ತಿತ್ತು. ಅದು ಮುಗಿಯೋ ಹೊತ್ತಿಗೆ ಮಾವ ಹೊಲದ ಅಂಚಿಗೆ ಹೋಗಿ ಬದ ನೋಡಿಕೊಂಡು ಬಂದಿದ್ದರು. "ಮಳೆಗಾಲ್ದಾಗೆ ಬರ್ಬ್ಯಾಡಿ, ಬಂಡೆ ಪಾಚಿ ಕಟ್ಟಿರ್ತದೆ. ರಾಗಿ ಕುಯ್ದ ಮ್ಯಾಲೆ ಬನ್ನಿ, ಆಚೆ ದಿಬ್ಬ ಇನ್ನೂ ಚೆಂದಾಗದೆ" ಅಂದರು. ಆಚೆ ದಿಬ್ಬ ಪಕ್ಕದ ಜಮೀನಿನವರದು. ಅವರನ್ನು ಕೇಳಿಡೋ ಹೊಣೆಯನ್ನು ಮಾವನ ಸೋದರಳಿಯ, ನಮ್ಮ ಗೆಳೆಯನೇ ಹೊತ್ತುಕೊಂಡಿದ್ದಾನೆ.