ಹಾಲು ಕರೆಯೋಕಾಗುತ್ತಾ ಅಂತ ಕೇಳಿ, ಡಾಕ್ಟ್ರೇ

ಕ್ಯಾನ್ಸರ್ ಸಂಶೋಧನೆಯೊಂದಕ್ಕೆ ರೋಗಿಗಳ ಕಡೆಯಿಂದ ಮಾತಾಡೋಕೆ ಬರ್ತೀರಾ ಅಂತ ಮೈಸೂರಿನ ಡಾಕ್ಟರೊಬ್ಬರು ಫೋನ್ ಮಾಡಿದಾಗ, "ಮಾತಿಗಾ, ಫೋಟೋಗಾ?" ಅಂದೆ. ಹಿಂದೆ ಬೇರೊಂದು ಕಡೆ ಹೀಗೇ ಕರೆದು, ಶಾಲು ಹೊದಿಸಿ, ಊಟ ಹಾಕಿ ಕಳಿಸಿದ್ದರು. ಸ್ತನ ಕ್ಯಾನ್ಸರ್ ದಾಟಿ ಬಂದವಳಿಗೆ ಹೇಳೋದು ಬೇಕಾದಷ್ಟಿರುತ್ತೆ, ಶಾಲು ಮನೆಯಲ್ಲೇ ಇದೆ. "ಮಾತಿಗೇ ಅಮ್ಮಾ, ಪ್ಲಾನ್ ಇನ್ನೂ ಬರೆದು ಮುಗಿದಿಲ್ಲ" ಅಂದರು. ಆ ಮಾತಿಗೇ ಮಂಡ್ಯದಲ್ಲಿ ಬೆಳಗಿನ ರೈಲು ಹತ್ತಿದೆ.

ಔಷಧ ಪ್ರಯೋಗಗಳನ್ನು ಪರಿಶೀಲಿಸುವ ಎಥಿಕ್ಸ್ ಕಮಿಟಿಯಲ್ಲಿ ವೈದ್ಯರಲ್ಲದ ಸಾಮಾನ್ಯರೊಬ್ಬರು ಇರಬೇಕು ಅಂತ 2019ರ ನಿಯಮವೇ ಇದೆ. ಆದರೆ ಅಲ್ಲಿಗೆ ಬರೋದು ಪೂರ್ತಿ ಸಿದ್ಧವಾದ ಪ್ಲಾನು. ಅಮೆರಿಕದಲ್ಲಿ ರಕ್ಷಣಾ ಇಲಾಖೆಯ ಹಣದಲ್ಲಿ 1992ರಲ್ಲಿ ಶುರುವಾದ ಸ್ತನ ಕ್ಯಾನ್ಸರ್ ಸಂಶೋಧನಾ ಯೋಜನೆಯಲ್ಲಿ, ಅರ್ಜಿಗಳನ್ನು ತೂಗಿ ನೋಡುವ ಸಭೆಯಲ್ಲಿ ಕಾಯಿಲೆ ಅನುಭವಿಸಿದವರಿಗೂ ವಿಜ್ಞಾನಿಗಳಷ್ಟೇ ಓಟಿದೆ. ನಾವಿನ್ನೂ ಕುರ್ಚಿ ಹಾಕಿಸಿಕೊಳ್ಳೋ ಹಂತದಲ್ಲಿದ್ದೇವೆ.

ಅವತ್ತಿನ ವಿಷಯ ಪ್ಯಾಕ್ಲಿಟ್ಯಾಕ್ಸೆಲ್. ವಾರಕ್ಕೊಂದರಂತೆ 12 ವಾರ ಕೊಡುವ ಈ ಕೀಮೋದಿಂದ ಕೈಕಾಲಿನ ನರಗಳಿಗೆ ಪೆಟ್ಟು ಬೀಳುತ್ತೆ, ಬೆರಳು ಜೋಮು ಹಿಡಿಯುತ್ತೆ. ದಿನದ ಕೆಲಸಕ್ಕೆ ಅಡ್ಡಿಯಾದರೆ ಎರಡನೇ ಗ್ರೇಡು, ಸ್ನಾನ ಮಾಡೋಕೆ, ಬಟ್ಟೆ ಹಾಕಿಕೊಳ್ಳೋಕೇ ಕಷ್ಟವಾದರೆ ಮೂರನೇದು. ಡಾಕ್ಟರು ಕೇಳಿ ಬರೆದುಕೊಳ್ಳುತ್ತಾರೆ.

"ಕೇಳಿದರೆ ಎಲ್ಲರೂ 'ಸ್ವಲ್ಪ ಜೋಮು ಸಾ' ಅಂತಾರೆ" ಅಂದೆ. ನನಗೆ ಗೊತ್ತಿರುವ ಮದ್ದೂರು ಕಡೆಯ ಹೆಂಗಸೊಬ್ಬರ ಕಥೆ ಹೇಳಿದೆ. ಎರಡು ಸೀಮೆಹಸು, ಡೈರಿಗೆ ಹಾಕೋ ಹಾಲಿನ ದುಡ್ಡಲ್ಲೇ ಸಂಸಾರ. ಐದನೇ ಕೀಮೋ ಹೊತ್ತಿಗೆ ಬೆರಳಿಗೆ ಹಿಡಿತ ಹೋಯ್ತು. ಮೊಲೆ ಹಿಡಿದಿದ್ದೀನೋ ಬಿಟ್ಟಿದ್ದೀನೋ ಗೊತ್ತಾಗಲ್ಲ ಅಕ್ಕ ಅನ್ನೋರು. ಹಾಲು ಪೂರ್ತಿ ಇಳಿಸದೆ ಒಂದು ಹಸುವಿಗೆ ಕೆಚ್ಚಲು ಬಾವು ಬಂತು, ಕೊನೆಗೆ ಮಾರಿದರು. ಆಸ್ಪತ್ರೆಯಲ್ಲಿ ಮಾತ್ರ ಸ್ವಲ್ಪ ಜೋಮು, ಅಷ್ಟೇ. ಜಾಸ್ತಿ ಹೇಳಿದರೆ ಎಲ್ಲಿ ಕೀಮೋ ನಿಲ್ಲಿಸಿಬಿಡ್ತಾರೋ ಅನ್ನೋ ಭಯ. "ಹಾಲು ಕರೆಯೋಕಾಗುತ್ತಾ, ರವಿಕೆ ಹುಕ್ಕು ಹಾಕಿಕೊಳ್ಳೋಕಾಗುತ್ತಾ ಅಂತ ಕೇಳಿ ಡಾಕ್ಟ್ರೇ, ಆಗ ನಿಜ ಹೊರಗೆ ಬರುತ್ತೆ."

ಹಿರಿಯರೊಬ್ಬರು ಒಪ್ಪಲಿಲ್ಲ. ಎಲ್ಲಾ ದೇಶದಲ್ಲೂ ಬಳಸೋ ಪ್ರಶ್ನಾವಳಿ, ಒಂದು ಪ್ರಶ್ನೆ ತಿದ್ದಿದರೂ ಬೇರೆ ಕಡೆಯ ಫಲಿತಾಂಶದ ಜೊತೆ ಹೋಲಿಸೋಕಾಗಲ್ಲ ಅಂದರು. ಅದೂ ಸರಿಯೇ. ಆಗ ಪಿಜಿ ಹುಡುಗಿಯೊಬ್ಬಳು 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದನ್ನು ಎತ್ತಿದಳು. ಕ್ಯಾನ್ಸರ್ ಹರಡಿದ್ದ 766 ರೋಗಿಗಳು. ತಮ್ಮ ತೊಂದರೆಗಳನ್ನು ತಾವೇ ಕಂಪ್ಯೂಟರಿನಲ್ಲಿ ದಾಖಲಿಸಿ, ಅದು ಹೆಚ್ಚಾದಾಗ ನರ್ಸಿಗೆ ಸುದ್ದಿ ಮುಟ್ಟುತ್ತಿದ್ದ ಗುಂಪು ಬದುಕಿದ್ದು ಮಧ್ಯಾಂಕದ ಲೆಕ್ಕದಲ್ಲಿ (ಅಂದರೆ ಅರ್ಧ ಜನ ಅದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ) 31.2 ತಿಂಗಳು, ಉಳಿದವರು 26. ಸಭೆ ಸುಮ್ಮನಾಯಿತು. ಹಳೆಯ ಪ್ರಶ್ನಾವಳಿ ಹಾಗೇ ಇರಲಿ, ನಮ್ಮ ಪ್ರಶ್ನೆಗಳದ್ದು ಬೇರೆ ಹಾಳೆ ಮಾಡೋಣ ಅಂತಾಯ್ತು.

ಮೊಬೈಲ್ ಆ್ಯಪ್ ಕೊಡ್ತೀವಿ ಅಂದರು. ಮೊಬೈಲು ಮಗನ ಜೇಬಲ್ಲಿರುತ್ತೆ, ಮಗ ಬೆಂಗಳೂರಲ್ಲಿರ್ತಾನೆ. ನರ್ಸೇ ಫೋನ್ ಮಾಡಲಿ, ಆದರೆ ಬೆಳಿಗ್ಗೆ, ಸಂಜೆ ಡೈರಿ ಹೊತ್ತಲ್ಲಿ ಬೇಡ ಅಂದೆ. ಬರೆದುಕೊಂಡರು.

ಸಿಕ್ಕಿಹಾಕಿಕೊಂಡದ್ದು ದುಡ್ಡಿನ ವಿಷಯಕ್ಕೆ. 2023ರಿಂದ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ, ಸರಿ. ಜೊತೆಗೆ ಬರೋ ಗಂಡನಿಗೆ ಟಿಕೆಟ್ಟೂ ಉಂಟು, ಅವತ್ತಿನ ಕೂಲಿಯೂ ಹೋಯ್ತು. ಅದನ್ನು ಯಾರು ಕೊಡ್ತಾರೆ? "ಬಜೆಟ್ಟಲ್ಲಿ ಆ ಕಾಲಂ ಇಲ್ಲವಲ್ಲ ಅಮ್ಮಾ" ಅಂದರು. ಕಾಲಂ ಸೇರಿಸಿ ಅಂತ ಪತ್ರ ಬರೆದುಕೊಟ್ಟು ಬಂದಿದ್ದೇನೆ. ಮುಂದಿನ ಸಭೆಗೆ ಮದ್ದೂರಿನ ಅವರನ್ನೂ ಕರೆದುಕೊಂಡು ಹೋಗ್ತೀನಿ, ಮಧ್ಯಾಹ್ನದ ಹೊತ್ತು ಇಟ್ಟರೆ ಬರ್ತೀನಿ ಅಂದಿದ್ದಾರೆ.