ನಾಗಲ್ ಗೆದ್ದ ಮಂಗಳವಾರ, ಮುಗಿಯದ ಗುರುವಾರ

ಈಗ 2024ರ ಜನವರಿ 18, ಗುರುವಾರ ರಾತ್ರಿ ಹನ್ನೊಂದಾಗಿದೆ. ಆಸ್ಟ್ರೇಲಿಯನ್ ಓಪನ್ ಟೆನಿಸ್ ಟೂರ್ನಿಯಲ್ಲಿ ರಷ್ಯಾದ ಮೆಡ್ವೆಡೆವ್ ಹತ್ತೂ ಹತ್ತಕ್ಕೆ ಮ್ಯಾಚ್ ಮುಗಿಸಿದರು. ಮೆಲ್ಬರ್ನ್‌ನಲ್ಲಿ ಆಗ ಬೆಳಗಿನ ಜಾವ 3 ಗಂಟೆ 39 ನಿಮಿಷ. ಬೆಳಗ್ಗೆ ತುಮಕೂರಿನಲ್ಲಿ ರೈಲು ಹತ್ತುವ ಮೊದಲು ಶುರುವಾದ ಒಂದು ದಿನದ ಆಟ, ನಾನು ಊಟ ಮಾಡಿ ತಟ್ಟೆ ತೊಳೆದಿಟ್ಟ ಮೇಲೂ ನಡೆಯುತ್ತಲೇ ಇತ್ತು. ನಿದ್ದೆ ಬರುತ್ತಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

2024ರ ಆಸ್ಟ್ರೇಲಿಯನ್ ಓಪನ್ ಸಿಂಗಲ್ಸ್‌ನಲ್ಲಿ ಎರಡು ಸುತ್ತು ಮುಗಿಯಿತು. ಗಂಡಸರಲ್ಲಿ 128 ಜನ ಇದ್ದರು, ಈಗ 32 ಜನ ಉಳಿದಿದ್ದಾರೆ. ಹೆಂಗಸರಲ್ಲೂ ಅಷ್ಟೇ. ಅಂದರೆ ಐದೇ ದಿನದಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಬ್ಯಾಗು ಕಟ್ಟಿಕೊಂಡು ಹೊರಟಾಗಿದೆ. ನನ್ನ ಸ್ನೇಹಿತರಲ್ಲಿ ಟೆನಿಸ್ ನೋಡುವವರು ಒಂದಿಬ್ಬರಿದ್ದಾರೆ, ಅವರೂ ಸೆಮಿಫೈನಲ್ ಬಂದಾಗಲೇ ಟಿವಿ ಹಾಕುವುದು. ನನಗೆ ಮಾತ್ರ ಇಷ್ಟವಾಗುವುದು ಈ ಮೊದಲ ವಾರವೇ. ರ‍್ಯಾಂಕಿಂಗ್‌ನಲ್ಲಿ ನೂರರ ಆಚೆ ಇರುವ ಒಬ್ಬ ಆಟಗಾರನಿಗೆ ಮೊದಲ ಸುತ್ತೇ ಫೈನಲ್. ಅವನು ಆಡುವುದು ಹಾಗೇ. ಒಂದೊಂದು ಪಾಯಿಂಟಿಗೂ ಜೀವ ಬಿಡುವ ಹಾಗೆ ಓಡುತ್ತಾನೆ. ಅದನ್ನು ನೋಡಬೇಕು.

ಮಂಗಳವಾರದಿಂದಲೇ ಹೇಳುತ್ತೇನೆ.

ಸೋಮವಾರ ಸಂಕ್ರಾಂತಿ. ಅದರ ಮಾರನೇ ದಿನವೂ ರಜೆ ಹಾಕಿದ್ದೆ, ಹಬ್ಬಕ್ಕೆ ಅಂತ ಅಲ್ಲ, ನಮ್ಮ ಭಾರತದ ಸುಮಿತ್ ನಾಗಲ್ ಮ್ಯಾಚ್ ಇತ್ತು ಅಂತ. ಎದುರಾಳಿ ಕಜಾಕಸ್ತಾನದ ಅಲೆಕ್ಸಾಂಡರ್ ಬುಬ್ಲಿಕ್, 31ನೇ ಸೀಡ್, ಅಂದರೆ ಟೂರ್ನಿಯವರು ಮೊದಲೇ ಗುರುತಿಸಿಟ್ಟ ಮೇಲಿನ ಆಟಗಾರರ ಪಟ್ಟಿಯಲ್ಲಿ 31ನೆಯವರು. ಆರೂವರೆ ಅಡಿಯ ಹತ್ತಿರದ ಆಳು, ಸರ್ವ್ ಸಿಡಿಲಿನ ಹಾಗೆ ಬರುತ್ತದೆ, ಮನಸ್ಸು ಬಂದರೆ ಕೈ ಕೆಳಗಿನಿಂದ ಮೆಲ್ಲಗೆ ಸರ್ವ್ ಮಾಡಿಬಿಡುತ್ತಾರೆ. ನಾಗಲ್ ಅವರಿಗಿಂತ ಅರ್ಧ ಅಡಿ ಗಿಡ್ಡ. ಟೂರ್ನಿಯ ಮುಖ್ಯ ಪಟ್ಟಿಯಲ್ಲಿ ನೇರವಾಗಿ ಜಾಗ ಸಿಕ್ಕಿರಲಿಲ್ಲ. ಕ್ವಾಲಿಫೈಯಿಂಗ್‌ನಲ್ಲಿ ಮೂರು ಮ್ಯಾಚ್ ಆಡಿ, ಮೂರನ್ನೂ ಒಂದು ಸೆಟ್ ಕೂಡ ಬಿಡದೆ ಗೆದ್ದು ಬಂದಿದ್ದರು. ಸೀಡ್ ಇದ್ದವರಿಗೆ ಅದು ಮೊದಲ ಮ್ಯಾಚ್, ನಾಗಲ್‌ಗೆ ನಾಲ್ಕನೆಯದು.

ಹಾಲ್‌ನಲ್ಲಿ ಅಮ್ಮ ನೆಲದ ಮೇಲೆ ಕೂತು ನೆನೆಸಿಟ್ಟ ಅವರೆಕಾಳು ಹಿತಕುತ್ತಿದ್ದರು. ಜನವರಿಯಲ್ಲಿ ನಮ್ಮ ಮನೆಯಲ್ಲಿ ವಾರಕ್ಕೆ ಎರಡು ಸಲವಾದರೂ ಹಿತಕಿದ ಬೇಳೆ ಸಾರು ಆಗಲೇಬೇಕು. ನಾನೂ ಒಂದು ಪಾತ್ರೆ ಎಳೆದುಕೊಂಡು ಕೂತೆ, ಆದರೆ ಮೊದಲ ಸೆಟ್ಟು 6-4ಕ್ಕೆ ನಾಗಲ್ ಕಡೆ ಬಂದಾಗ ನನ್ನ ಪಾತ್ರೆಯಲ್ಲಿ ಒಂದು ಹಿಡಿ ಬೇಳೆಯೂ ಇರಲಿಲ್ಲ. ಎರಡನೇ ಸೆಟ್ಟು 6-2. ನಂಬಲಿಕ್ಕೇ ಆಗಲಿಲ್ಲ. ಬುಬ್ಲಿಕ್ ಹೊಡೆದದ್ದನ್ನೆಲ್ಲ ಈ ಹುಡುಗ ಎಲ್ಲಿಂದಲೋ ಓಡಿ ಬಂದು ಹಿಂದಕ್ಕೆ ಕಳಿಸುತ್ತಿದ್ದಾನೆ, ಮತ್ತೆ ಹೊಡೆಯುತ್ತಾರೆ, ಮತ್ತೆ ಕಳಿಸುತ್ತಾನೆ, ಕೊನೆಗೆ ಬುಬ್ಲಿಕ್‌ಗೆ ಬೇಸರ ಬಂದು ಚೆಂಡು ಹೊರಗೆ ಹೋಗುತ್ತದೆ. ಅಮ್ಮನಿಗೆ ಟೆನಿಸ್ ಲೆಕ್ಕ ಅರ್ಥವಾಗುವುದಿಲ್ಲ. ಆದರೂ ನೋಡ್ತಾ ನೋಡ್ತಾ ಒಂದು ಮಾತು ಕೇಳಿದರು. "ಗೆದ್ರೆ ಎಷ್ಟು ಕೊಡ್ತಾರೋ?"

ಹೇಳಿದೆ. ಮೊದಲ ಸುತ್ತಿನಲ್ಲಿ ಸೋತರೂ 1,20,000 ಆಸ್ಟ್ರೇಲಿಯನ್ ಡಾಲರ್. ಗೆದ್ದು ಎರಡನೇ ಸುತ್ತಿಗೆ ಹೋದರೆ 1,80,000. ನಮ್ಮ ದುಡ್ಡಿನಲ್ಲಿ ಒಂದು ಕೋಟಿಗೆ ಹತ್ತಿರ. ಅಮ್ಮ "ಅಯ್ಯಪ್ಪಾ" ಅಂದರು. ಆಗ ಇನ್ನೊಂದು ವಿಷಯವನ್ನೂ ಹೇಳಿದೆ. ಇದೇ ಹುಡುಗ ಹೋದ ಸೆಪ್ಟೆಂಬರ್‌ನಲ್ಲಿ, ನನ್ನ ಬ್ಯಾಂಕಿನಲ್ಲಿ ಇರುವುದು 900 ಯೂರೋ ಅಂತ ಹೇಳಿಕೊಂಡಿದ್ದರು. ಸುಮಾರು 80,000 ರೂಪಾಯಿ. ಆಗ ಸಿಂಗಲ್ಸ್‌ನಲ್ಲಿ ಭಾರತದ ನಂಬರ್ ಒನ್ ಆಟಗಾರ ಅವರೇ. ಕೋಚ್, ವಿಮಾನ, ಹೋಟೆಲು, ಫಿಸಿಯೋ, ಎಲ್ಲ ಸೇರಿ ವರ್ಷಕ್ಕೆ ಒಂದು ಕೋಟಿಯ ಹತ್ತಿರ ಹೊಂದಿಸಬೇಕು. ಗೆದ್ದ ದುಡ್ಡೆಲ್ಲ ಮುಂದಿನ ಊರಿನ ಟಿಕೆಟ್ಟಿಗೇ ಹೋಗುತ್ತದೆ. ಅಮ್ಮ ಕಾಳು ಹಿತಕುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಟಿವಿಯನ್ನೇ ನೋಡಿದರು. "ಹಾಗಾದ್ರೆ ಇವನು ಗೆಲ್ಲಲೇಬೇಕು ಕಣೋ" ಅಂದರು.

ಮೂರನೇ ಸೆಟ್ಟು 6-6 ಆಗಿ ಟೈಬ್ರೇಕ್‌ಗೆ, ಅಂದರೆ ಪಾಯಿಂಟ್ ಎಣಿಸಿ ಸೆಟ್ಟು ಮುಗಿಸುವ ಆಟಕ್ಕೆ ಹೋಯಿತು. ನಾನು ಕೂರಲಿಲ್ಲ, ಬಾಗಿಲ ಹತ್ತಿರ ನಿಂತೇ ನೋಡಿದೆ. 7-5ಕ್ಕೆ ಮುಗಿಯಿತು. 6-4, 6-2, 7-6. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯ ಅಂಕಲ್ ಕಾಂಪೌಂಡಿನ ಆ ಕಡೆಯಿಂದ ಏನಾಯ್ತು ಅಂತ ಕೇಳಿದರು.

ಏನಾಯಿತು ಅಂದರೆ, ಗ್ರ್ಯಾಂಡ್ ಸ್ಲಾಮ್ (ವರ್ಷದ ನಾಲ್ಕು ದೊಡ್ಡ ಟೂರ್ನಿಗಳು) ಸಿಂಗಲ್ಸ್‌ನಲ್ಲಿ ಭಾರತದ ಗಂಡಸರೊಬ್ಬರು ಸೀಡ್ ಇದ್ದ ಆಟಗಾರನನ್ನು ಸೋಲಿಸಿ 35 ವರ್ಷ ಆಗಿತ್ತು. ಹಿಂದಿನ ಸಲ ಅದನ್ನು ಮಾಡಿದ್ದು ರಮೇಶ್ ಕೃಷ್ಣನ್, 1989ರಲ್ಲಿ, ಇದೇ ಮೆಲ್ಬರ್ನ್‌ನಲ್ಲಿ, ಅದೂ ಆಗ ವಿಶ್ವದ ನಂಬರ್ ಒನ್ ಆಗಿದ್ದ ಮ್ಯಾಟ್ಸ್ ವಿಲಾಂಡರ್ ಮೇಲೆ. ವಿಲಾಂಡರ್ ಅದರ ಹಿಂದಿನ ವರ್ಷದ ಚಾಂಪಿಯನ್ ಕೂಡ. ನಾಗಲ್ ಆಗ ಹುಟ್ಟಿರಲೇ ಇಲ್ಲ. 2019ರ ಯುಎಸ್ ಓಪನ್‌ನಲ್ಲಿ ಫೆಡರರ್ ಕೈಯಿಂದ ನಾಗಲ್ ಮೊದಲ ಸೆಟ್ಟು ಕಿತ್ತುಕೊಂಡಾಗ ಎಲ್ಲರೂ ಒಂದು ವಾರ ಹೊಗಳಿ ಮರೆತರು. ಈ ಸಲ ಮರೆಯಬಾರದು. ಹರಿಯಾಣದ ಹಳ್ಳಿಯ ಹುಡುಗ, ಆದರೆ ಹತ್ತು ವರ್ಷದವನಿದ್ದಾಗ ಮಹೇಶ್ ಭೂಪತಿಯವರ ಯೋಜನೆಗೆ ಆಯ್ಕೆಯಾಗಿ ಬೆಂಗಳೂರಿಗೆ ಬಂದು ಆಟ ಕಲಿತವರು. ಹಾಗಾಗಿ ನಮಗೂ ಸ್ವಲ್ಪ ಹಕ್ಕಿದೆ ಅಂತ ನಾನು ಅಂದುಕೊಂಡಿದ್ದೇನೆ.

ಬುಧವಾರ ಮಿರ್ರಾ ಆಂಡ್ರೀವಾ. 16 ವರ್ಷದ ರಷ್ಯಾದ ಹುಡುಗಿ. ಎದುರಿಗೆ ಆರನೇ ಸೀಡ್ ಓನ್ಸ್ ಜಾಬ್ಯೂರ್, ಎರಡು ಸಲ ವಿಂಬಲ್ಡನ್ ಫೈನಲ್ ಆಡಿದವರು, ಈ ಹುಡುಗಿಗೆ ಅವರೇ ಆದರ್ಶ. ತನಗೆ ಅಷ್ಟು ಇಷ್ಟವಾದ ಆಟಗಾರ್ತಿಯ ಮೇಲೆ 6-0, 6-2. ಒಂದು ಗಂಟೆಯೂ ಆಗಲಿಲ್ಲ, 54 ನಿಮಿಷ. ನನಗೆ ಜಾಬ್ಯೂರ್ ಕಂಡರೆ ತುಂಬಾ ಇಷ್ಟ, ಅವರ ಡ್ರಾಪ್ ಶಾಟ್‌ಗೋಸ್ಕರವೇ ಮ್ಯಾಚ್ ಹಾಕುತ್ತೇನೆ. ಅವರು ಸೋತದ್ದಕ್ಕೆ ಬೇಜಾರಾಯಿತು, ಆದರೆ ಆ ಹುಡುಗಿಯ ಮೇಲೆ ಕೋಪ ಮಾಡಿಕೊಳ್ಳಲು ಆಗಲೇ ಇಲ್ಲ. ಭಾನುವಾರ ಜೊಕೊವಿಚ್ ಎದುರು 18 ವರ್ಷದ ಕ್ರೊಯೇಷಿಯಾದ ಹುಡುಗ ಡೀನೊ ಪ್ರಿಜ್ಮಿಚ್ ನಾಲ್ಕು ಗಂಟೆ ನಿಂತು ಆಡಿದಾಗಲೂ ಹಾಗೇ ಅನ್ನಿಸಿತ್ತು. ಸೋತರು, ಆದರೆ ಒಂದು ಸೆಟ್ ಗೆದ್ದು ಸೋತರು.

ನಮ್ಮ ಕೊಡಗಿನ ರೋಹನ್ ಬೋಪಣ್ಣ ಬಗ್ಗೆ ಹೇಳದೆ ಮುಂದೆ ಹೋಗಲಾರೆ. 43 ವರ್ಷ. ಮ್ಯಾಥ್ಯೂ ಎಬ್ಡೆನ್ ಜೊತೆ ಡಬಲ್ಸ್‌ನಲ್ಲಿ ಎರಡನೇ ಸೀಡ್. ಮೊದಲ ಸುತ್ತಿನಲ್ಲೇ ಆಸ್ಟ್ರೇಲಿಯಾದ ಡಕ್‌ವರ್ತ್ ಮತ್ತು ಪೋಲ್ಮನ್ಸ್ ಜೋಡಿ ಬೆವರಿಳಿಸಿತು. 7-6, 4-6, ಕೊನೆಯ ಸೆಟ್ಟೂ 6-6. ಅಲ್ಲಿಂದ ಟೈಬ್ರೇಕ್ ಮಾತ್ರ 10-2, ಒಂದೇ ಉಸಿರಿನಲ್ಲಿ. ಇವರ ಮಂಡಿಯಲ್ಲಿ ಮೃದ್ವಸ್ಥಿಯೇ ಸವೆದು ಹೋಗಿದೆ. 2021ರಲ್ಲಿ ತಿಂಗಳುಗಟ್ಟಲೆ ಒಂದು ಮ್ಯಾಚೂ ಗೆಲ್ಲದೆ, ಇನ್ನು ಸಾಕು ಅಂತ ಹೆಂಡತಿಗೆ ವಿಡಿಯೋ ಸಂದೇಶ ಕಳಿಸಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಆಮೇಲೆ ಅಯ್ಯಂಗಾರ್ ಯೋಗ ಹಿಡಿದು ಮಂಡಿ ನೋವು ಕಡಿಮೆ ಮಾಡಿಕೊಂಡರು. ಪುರುಷರ ಡಬಲ್ಸ್‌ನಲ್ಲಿ ಒಂದೂ ಗ್ರ್ಯಾಂಡ್ ಸ್ಲಾಮ್ ಸಿಕ್ಕಿಲ್ಲ ಅವರಿಗೆ. ಎರಡು ಸಲ ಫೈನಲ್‌ವರೆಗೆ ಹೋಗಿ ಸೋತರು, ಎರಡೂ ಯುಎಸ್ ಓಪನ್, 2010 ಮತ್ತು ಹೋದ ವರ್ಷ. ಈ ಸಲ ಸಿಗಲಿ. ನಾನು ಸಿದ್ಧಗಂಗೆಗೆ ಹೋದಾಗ ಇದನ್ನೂ ಕೇಳಿಕೊಂಡು ಬರುತ್ತೇನೆ.

ಇನ್ನು ಈವತ್ತು.

ಬೆಳಗಿನ ರೈಲಿನಲ್ಲಿ ಪಾಸಿನವರ ಬಾಯಲ್ಲೆಲ್ಲ ಒಂದೇ ಮಾತು, ನಿನ್ನೆ ರಾತ್ರಿ ಚಿನ್ನಸ್ವಾಮಿಯಲ್ಲಿ ಅಫ್ಘಾನಿಸ್ತಾನದ ಮೇಲೆ ಎರಡು ಸೂಪರ್ ಓವರ್. 212ಕ್ಕೆ 212, ಆಮೇಲೆ ಮೊದಲ ಸೂಪರ್ ಓವರಿನಲ್ಲೂ 16ಕ್ಕೆ 16. ಕ್ಯಾತ್ಸಂದ್ರದಲ್ಲಿ ಹತ್ತುವ ಒಬ್ಬ ಹುಡುಗ ಸ್ಟೇಡಿಯಂಗೇ ಹೋಗಿದ್ದನಂತೆ, ಗಂಟಲು ಕಟ್ಟಿಹೋಗಿತ್ತು. ನನ್ನ ಫೋನು ನೋಡಿ "ಏನಣ್ಣಾ, ಟೆನಿಸ್ಸಾ?" ಅಂದ. ಹೌದು, ನಂಬರ್ ಒನ್ ಸ್ವಿಯಾಟೆಕ್ ಮ್ಯಾಚು, ಡೇನಿಯಲ್ ಕಾಲಿನ್ಸ್ ಜೊತೆ. ಯಶವಂತಪುರದಲ್ಲಿ ಇಳಿಯುವಾಗ ಕೊನೆಯ ಸೆಟ್ಟಿನಲ್ಲಿ ಸ್ವಿಯಾಟೆಕ್ 1-4 ಹಿಂದೆ. ಹೋಯಿತು ಅಂತ ಫೋನು ಜೇಬಿಗೆ ಹಾಕಿದೆ. ಆಫೀಸ್ ಮುಟ್ಟಿ ನೋಡಿದರೆ 6-4ಕ್ಕೆ ಗೆದ್ದಿದ್ದಾರೆ, ಸಾಲಾಗಿ ಐದು ಗೇಮ್. ಆ ಐದು ಗೇಮ್ ನೋಡದೆ ಹೋದೆನಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತಿದೆ.

ನಾಗಲ್ ಸೋತರು. ಫೋನಿನಲ್ಲಿ ಸ್ಕೋರ್ ಮಾತ್ರ ನೋಡುತ್ತಿದ್ದೆ. ಚೀನಾದ 18 ವರ್ಷದ ಹುಡುಗ ಶಾಂಗ್ ಜುನ್‌ಚೆಂಗ್. ಮೊದಲ ಸೆಟ್ 6-2 ನಾಗಲ್‌ಗೆ. ಆಮೇಲೆ 3-6, 5-7, 4-6. ಕಷ್ಟವಾದದ್ದು ಆ 5-7. ಅದೊಂದು ಸೆಟ್ ಈ ಕಡೆ ಬಂದಿದ್ದರೆ ಮ್ಯಾಚು ಐದನೇ ಸೆಟ್ಟಿಗಾದರೂ ಹೋಗುತ್ತಿತ್ತು, ಅದನ್ನೂ ಗೆದ್ದಿದ್ದರೆ ಮೂರನೇ ಸುತ್ತಿನಲ್ಲಿ ಸ್ಪೇನಿನ ಸ್ಟಾರ್ ಆಲ್ಕರಾಜ್ ಎದುರು ಆಡುತ್ತಿದ್ದರು. ಕ್ವಾಲಿಫೈಯಿಂಗ್ ಸೇರಿ ಐದು ಮ್ಯಾಚ್‌ನ ಓಟ ಕಾಲಿಗೆ ಬಂದಿರಬೇಕು. ಸೀಡ್ ಆಟಗಾರನನ್ನು ಹೊರಗೆ ಹಾಕಿದ ಮೇಲೆ ಎದುರಿಗೆ ವೈಲ್ಡ್ ಕಾರ್ಡ್‌ನಲ್ಲಿ, ಅಂದರೆ ಆಯೋಜಕರು ವಿಶೇಷವಾಗಿ ಕೊಟ್ಟ ಜಾಗದಲ್ಲಿ ಬಂದ ಹುಡುಗ ಸಿಕ್ಕಾಗ ದಾರಿ ಸಲೀಸು ಅನ್ನಿಸುತ್ತದೆ ಅಲ್ವಾ, ನನಗೂ ಅನ್ನಿಸಿತ್ತು. ಆದರೆ ಆ ಹುಡುಗನಿಗೂ ಅದೇ ಹಸಿವು.

ಸಂಜೆ ಕೆಲಸ ಮುಗಿಯುವ ಹೊತ್ತಿಗೆ ಅನ್ನಾ ಬ್ಲಿಂಕೋವಾ ಮತ್ತು ಎಲೆನಾ ರೈಬಾಕಿನಾ. ರೈಬಾಕಿನಾ ಮೂರನೇ ಸೀಡ್, ಹೋದ ವರ್ಷ ಇಲ್ಲೇ ಫೈನಲ್ ಆಡಿದವರು. ಕೊನೆಯ ಸೆಟ್ 6-6 ಆಯಿತು. ಅಲ್ಲಿಂದ 10 ಪಾಯಿಂಟಿನ ಟೈಬ್ರೇಕ್. ಹತ್ತು ಮುಟ್ಟಿದರೆ ಸಾಲದು, ಎರಡು ಪಾಯಿಂಟ್ ಮುಂದಿರಬೇಕು. 10-10, 13-13, 17-17, ಯಾರೂ ಎರಡು ಮುಂದೆ ಹೋಗುತ್ತಿಲ್ಲ. ಬ್ಲಿಂಕೋವಾಗೆ ಮ್ಯಾಚ್ ಪಾಯಿಂಟ್ ಬರುತ್ತದೆ, ಹೋಗುತ್ತದೆ. ರೈಬಾಕಿನಾಗೆ ಬರುತ್ತದೆ, ಹೋಗುತ್ತದೆ. ರೈಬಾಕಿನಾ ಆರು ಸಲ ಗೆಲುವಿಗೆ ಒಂದೇ ಪಾಯಿಂಟ್ ದೂರದಲ್ಲಿ ನಿಂತರು, ಬ್ಲಿಂಕೋವಾ ಒಂಬತ್ತು ಸಲ ನಿಂತು ಕೈ ಬಿಟ್ಟರು. ಹತ್ತನೆಯದರಲ್ಲಿ ಮುಗಿಯಿತು, 22-20. ಒಟ್ಟು 42 ಪಾಯಿಂಟ್. ಗ್ರ್ಯಾಂಡ್ ಸ್ಲಾಮ್ ಮಹಿಳಾ ಸಿಂಗಲ್ಸ್‌ನಲ್ಲಿ ಇಷ್ಟು ಉದ್ದದ ಟೈಬ್ರೇಕ್ ಹಿಂದೆ ಆಗಿಲ್ಲ. ನಾನು ಆಫೀಸಿನ ಮೆಟ್ಟಿಲ ಮೇಲೆ ಚೀಲ ಹೆಗಲಿಗೆ ಹಾಕಿಕೊಂಡು ನಿಂತೇ ನೋಡಿದೆ, ಒಂದು ರೈಲು ತಪ್ಪಿತು. ಮುಂದಿನ ರೈಲಿನಲ್ಲಿ ಆ ಕ್ಯಾತ್ಸಂದ್ರದ ಹುಡುಗನೂ ಸಿಕ್ಕಿದ. "ನಿನ್ನದು ಎರಡು ಸೂಪರ್ ಓವರ್, ಇದು ಇಪ್ಪತ್ತು ಸೂಪರ್ ಓವರ್ ಕಣೋ" ಅಂತ ಅವನಿಗೆ ಕೊನೆಯ ಪಾಯಿಂಟುಗಳನ್ನು ತೋರಿಸಿದೆ. ಸೋಲದೇವನಹಳ್ಳಿ ದಾಟುವವರೆಗೂ ಇಬ್ಬರೂ ಅದನ್ನೇ ಹಿಂದೆ ಮುಂದೆ ಮಾಡಿ ನೋಡಿದೆವು. ಟೆನಿಸ್‌ನಲ್ಲಿ ಡ್ರಾ ಅನ್ನುವುದು ಇಲ್ವಾ ಅಂತ ಕೇಳಿದ. ಇಲ್ಲ ಅಂದೆ.

ಮೆಡ್ವೆಡೆವ್ ಮತ್ತು ಫಿನ್ಲೆಂಡಿನ ಎಮಿಲ್ ರೂಸುವುವೊರಿ ಮ್ಯಾಚು ಶುರುವಾದಾಗ ಅಲ್ಲಿ ರಾತ್ರಿ ಹನ್ನೊಂದೂ ಕಾಲು. ಹಗಲಿನ ಮ್ಯಾಚುಗಳೆಲ್ಲ ಎಳೆದು ಎಳೆದು ಇವರ ಸರದಿ ಅಷ್ಟು ತಡವಾಯಿತು. ಮೊದಲ ಎರಡು ಸೆಟ್ಟು ಮೆಡ್ವೆಡೆವ್ ಸೋತರು. ನಾನು ತುಮಕೂರಿನಲ್ಲಿ ಇಳಿದು, ಮನೆಗೆ ಬಂದು, ಅಮ್ಮ ಬಡಿಸಿದ ಮುದ್ದೆ ಸಾರು ಉಣ್ಣುವಾಗ ಮೂರನೇ ಸೆಟ್ಟು. ನಾಲ್ಕನೆಯದು ಟೈಬ್ರೇಕ್, ಐದನೆಯದು 6-0. ನಾಲ್ಕು ಗಂಟೆ 23 ನಿಮಿಷ. ಸ್ಟೇಡಿಯಂನಲ್ಲಿ ಆಗಲೂ ಒಂದಷ್ಟು ಜನ ಕೂತಿದ್ದರು. ನಾನಾಗಿದ್ದರೆ ಮನೆಗೆ ಹೋಗಿಬಿಡುತ್ತಿದ್ದೆ ಅಂತ ಮೆಡ್ವೆಡೆವ್ ಅವರಿಗೆ ಹೇಳಿ ಥ್ಯಾಂಕ್ಸ್ ಹೇಳಿದರು.

ಇದೊಂದು ನನಗೆ ಸರಿ ಅನ್ನಿಸುವುದಿಲ್ಲ. ತಡರಾತ್ರಿ ಆಟ ಕಡಿಮೆ ಮಾಡಬೇಕು ಅಂತಲೇ ಈ ವರ್ಷ ಟೂರ್ನಿಯನ್ನು ಭಾನುವಾರದಿಂದ, 15 ದಿನಕ್ಕೆ ಹರಡಿದ್ದು. ಹೋದ ವರ್ಷ ಆಂಡಿ ಮರ‍್ರೆ ಬೆಳಗಿನ ಜಾವ ನಾಲ್ಕು ದಾಟಿದ ಮೇಲೆ ಮ್ಯಾಚ್ ಮುಗಿಸಿದ್ದರು. ಈಗ ಮತ್ತೆ ಅದೇ. ಆಡಿದವರು ಐಸ್ ಸ್ನಾನ, ಮಸಾಜ್, ಊಟ ಮುಗಿಸಿ ಮಲಗುವ ಹೊತ್ತಿಗೆ ಬೆಳಕಾಗಿರುತ್ತದೆ. ನಾವು ಇಲ್ಲಿ ಆರಾಮಾಗಿ ಊಟದ ಹೊತ್ತಿಗೆ ನೋಡುತ್ತೇವೆ, ನಮಗೆ ಅನುಕೂಲ. ಆದರೆ ರೂಸುವುವೊರಿ ಬಗ್ಗೆ ಯೋಚಿಸಿ. ಎರಡು ಸೆಟ್ ಮುಂದಿದ್ದು, ಕಾಲು ಬತ್ತಿಹೋಗಿ, ಕೊನೆಯ ಸೆಟ್ಟಿನಲ್ಲಿ ಒಂದು ಗೇಮೂ ಸಿಗದೆ, ಮುಕ್ಕಾಲು ಖಾಲಿಯಾದ ಸ್ಟೇಡಿಯಂನಿಂದ ಬೆಳಗಿನ ಜಾವ ಒಬ್ಬರೇ ಚೀಲ ಹೊತ್ತು ಹೊರಗೆ ನಡೆದರು. ಕ್ಯಾಮೆರಾ ಅಷ್ಟರಲ್ಲಿ ಮೆಡ್ವೆಡೆವ್ ಕಡೆ ತಿರುಗಿತ್ತು.

ಮಲಗುವ ಮೊದಲು ಅಮ್ಮ ಒಳಗಿನಿಂದ ಕೇಳಿದರು, ಆ ಹುಡುಗ ಏನಾದ ಅಂತ. ಯಾವ ಹುಡುಗ ಅಂದೆ. "ಅದೇ, ಬ್ಯಾಂಕಲ್ಲಿ ದುಡ್ಡಿರಲಿಲ್ಲ ಅಂದ್ಯಲ್ಲ, ಅವನು." ಸೋತನಮ್ಮ, ಆದರೆ ಆ ದುಡ್ಡು ಅವನದೇ ಅಂದೆ. ಒಂದು ವರ್ಷಕ್ಕಾಗುತ್ತಾ ಅಂತ ಕೇಳಿದರು. ಆಗುತ್ತೆ ಅಂದೆ.

ನಾಳೆ ಆಂಡ್ರೀವಾಗೆ ಡಯಾನ್ ಪ್ಯಾರಿ ಜೊತೆ ಮೂರನೇ ಸುತ್ತು. ಐದೂವರೆಗೆ ಅಲಾರಂ ಇಟ್ಟಿದ್ದೇನೆ.